ಹದಿನೆಂಟನೇ ತಾರೀಖಿನ ಚಂದ್ರನನ್ನು ಹೊತ್ತಿಗೆ ಸರಿಯಾಗಿ ಹುಟ್ಟಿಸಿದವರಿಗೆ

ಕಾದಂಬರಿ ಅಚ್ಚಾಗಿ ಬಂದಿದೆ. ಡೆಮಿ 1/8, 304 ಪುಟ. ಮುಖಪುಟದಲ್ಲಿ ನಂದಿದುರ್ಗದ ಪಡುವಣ ಗೋಡೆ, ಕೆಳಗೆ ಇಬ್ಬರ ಹೆಸರು. ಮೊದಲನೆಯದು ತಮ್ಮನದು, ಎರಡನೆಯದು ನನ್ನದು. ಕಾದಂಬರಿ ಮುಗಿಯುವ ಮೊದಲೇ, ಕಳೆದ ವರ್ಷ, ತಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡ. ಅದು ಇದನ್ನು ಓದುವವರಲ್ಲಿ ಹೆಚ್ಚಿನವರಿಗೆ ಗೊತ್ತು, ಆದ್ದರಿಂದ ಮತ್ತೆ ಬಿಚ್ಚಿ ಹೇಳುವುದಿಲ್ಲ.

ರಕ್ತ ಕೊಟ್ಟ ಹುಡುಗರು, ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಬುತ್ತಿ ಕಳಿಸಿದ ಅತ್ತಿಗೆಯಂದಿರು, ದುಡ್ಡು ಕೈಗಿಟ್ಟು ಲೆಕ್ಕ ಬರೆದುಕೊಳ್ಳದವರು, ಶಿಡ್ಲಘಟ್ಟದ ಗೆಳೆಯರು, ಪುಸ್ತಕ ಬರುವ ಮೊದಲೇ ಹಣ ಕಟ್ಟಿದ ಓದುಗರು: ನಿಮಗೆಲ್ಲ ಒಂದೇ ಸಾಲಿನಲ್ಲಿ ಕೈ ಮುಗಿಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಜಾಗವೆಲ್ಲ ಒಬ್ಬರಿಗೇ ಬೇಕು.

ಅವರು ಮಧುಗಿರಿಯ ನಿವೃತ್ತ ಲೆಕ್ಕದ ಮೇಷ್ಟ್ರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ಕಾದಂಬರಿ ಓದುವ ಚಟ ಅವರಿಗಿಲ್ಲ. ದೆವ್ವದ ಕತೆ ಅಂದರೆ ಮೂಗು ಮುರಿಯುವ ಜಾತಿ. ತಮ್ಮ ಅವರ ಹತ್ತಿರ ಹೋದದ್ದೂ ಅದಕ್ಕೇ. ನಂಬದವರೊಬ್ಬರು ಮೊದಲು ಓದಲಿ ಅಂತ.

ಕತೆಯ ಬುನಾದಿ ಇಷ್ಟು. 1791ರ ಅಕ್ಟೋಬರ್ 18ರ ರಾತ್ರಿ ಕಳೆದು 19ರ ಬೆಳಗು ಹರಿಯುವುದರೊಳಗೆ ಇಂಗ್ಲಿಷರ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಟಿಪ್ಪುವಿನ ಕಾವಲಿನವರಿಂದ ಕಿತ್ತುಕೊಂಡಿತು. ನುಗ್ಗಿದವರ ಮುಂದಾಳು ಜನರಲ್ ಮೆಡೋಸ್. ಕಾಲಡಿ ಮದ್ದು ತುಂಬಿದ ಸುರಂಗ ಇದೆಯಂತೆ ಎಂಬ ಗುಸುಗುಸು ಸಿಪಾಯಿಗಳಲ್ಲಿ ಎದ್ದಾಗ, ಇದ್ದರೆ ಅದು ಚಿನ್ನದ ಗಣಿಯೇ ಇರಬೇಕು ಎಂದು ಅವನು ಅಂದನಂತೆ (ಇಂಗ್ಲಿಷಿನಲ್ಲಿ ಮದ್ದಿನ ಸುರಂಗಕ್ಕೂ ಗಣಿಗೂ 'ಮೈನ್' ಅಂತಲೇ). ಈ ಒಂದು ಮಾತನ್ನು ಹಿಡಿದು ತಮ್ಮ ನಿಧಿಯ ಕತೆ ಹೆಣೆದ. ಶಾನುಭೋಗರ ಮಗಳು, ಕೋಟೆಯ ಕಾವಲಿನ ಬಂದೂಕಿನವನು, ಇಬ್ಬರ ನಡುವಿನ ಪ್ರೀತಿ, ಒಂದು ಕೊಲೆ, ಬೆಟ್ಟದ ಮೇಲೆ ರಾತ್ರಿ ಅಲೆಯುವ ಕೆಂಡದ ಕಣ್ಣುಗಳು. ಕೊನೆಯ ನಾಲ್ಕು ಅಧ್ಯಾಯ ಬರೆಯದೆ ಉಳಿದಿದ್ದವು. ಹನ್ನೆರಡನೆಯದರ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು: 'ಚಂದ್ರ ಎಷ್ಟೊತ್ತಿಗೆ? ಮೇಷ್ಟ್ರನ್ನು ಕೇಳಬೇಕು.'

ತಮ್ಮನ ಕೊನೆಯ ರಾತ್ರಿ ಮೇಷ್ಟ್ರು ಆಸ್ಪತ್ರೆಗೆ ಬಂದದ್ದು ಈ ಹಾಳೆ ಹಿಡಿದುಕೊಂಡು. ಒಳಗೆ ಬಿಡುತ್ತಿರಲಿಲ್ಲ. ಬಂದವರೆಲ್ಲ ಧೈರ್ಯ ಹೇಳಿ ಹೊರಟಿದ್ದರು. ಇವರು ಧೈರ್ಯ ಹೇಳಲಿಲ್ಲ. ಬೆಂಚಿನ ಮೇಲೆ ಕೂತು, ಔಷಧಿ ಅಂಗಡಿಯ ಚೀಟಿ ತಿರುಗಿಸಿ, "ನೋಡು ತಾಯಿ, ಗಡಿಯಾರ ಬಿಟ್ಟುಬಿಡು, ಗಳಿಗೇಲಿ ಲೆಕ್ಕ ಹಾಕೋಣ" ಅಂದರು.

ಲೆಕ್ಕ ಹೀಗೆ. ಇತಿಹಾಸದ ಕತೆ ಬರೆಯುವವರು ಬರೆದಿಟ್ಟುಕೊಳ್ಳಬಹುದು. 1791 ಅಂದರೆ ಶಕ 1713, ವಿರೋಧಿಕೃತು ಸಂವತ್ಸರ. ಆ ಅಕ್ಟೋಬರ್ 19 ಬುಧವಾರ. ಆ ವರ್ಷದ ದೀಪಾವಳಿ ಅಮಾವಾಸ್ಯೆ ಬಿದ್ದದ್ದು ಅಕ್ಟೋಬರ್ ಕೊನೆಯ ವಾರ, ಅದರ ಹಿಂದಿನ ಹುಣ್ಣಿಮೆ 12ರ ಸುಮಾರಿಗೆ. ಹಾಗಾಗಿ ದಾಳಿಯ ರಾತ್ರಿ ಆಶ್ವಯುಜ ಬಹುಳ ಸಪ್ತಮಿಯ ಆಸುಪಾಸು. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಹುಟ್ಟುತ್ತಾನೆ. ಅಲ್ಲಿಂದ ದಿನಕ್ಕೆ ಸುಮಾರು ಎರಡು ಗಳಿಗೆ ತಡ. ಒಂದು ಗಳಿಗೆಗೆ 24 ನಿಮಿಷ. ಹುಣ್ಣಿಮೆ ಕಳೆದ ಆರನೇ ರಾತ್ರಿ ಹನ್ನೆರಡು ಗಳಿಗೆ, ಅಂದರೆ ಸೂರ್ಯ ಮುಳುಗಿ ಐದು ಗಂಟೆಗೆ ಸ್ವಲ್ಪ ಕಡಿಮೆ. ರಾತ್ರಿ ಹನ್ನೊಂದರ ಹತ್ತಿರ, ಅರ್ಧ ಗಂಟೆ ಆಚೀಚೆ. ಕರಾರುವಾಕ್ಕಾಗಿ ಬೇಕಿದ್ದರೆ ಸ್ವಾಮಿಕಣ್ಣು ಪಿಳ್ಳೆಯವರು ಹಾಕಿಟ್ಟ ಪಂಚಾಂಗದ ಕೋಷ್ಟಕಗಳಿವೆ, ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತವೆ.

ಅಲ್ಲಿಗೇ ನಿಲ್ಲಿಸಲಿಲ್ಲ. ನಂದಿದುರ್ಗ ಮಿಕ್ಕ ಕಡೆಗಳಲ್ಲೆಲ್ಲ ಕಡಿದಾದ ಬಂಡೆ, ಹತ್ತಿ ಹೋಗಬಹುದಾದದ್ದು ಪಡುವಣದಿಂದ. ಎರಡು ಸುತ್ತಿನ ಕೋಟೆ ಗೋಡೆ ಕಟ್ಟಿದ್ದೂ ಅಲ್ಲೇ. ಚಂದ್ರ ಮೂಡಣದಲ್ಲಿ. ಹುಟ್ಟಿದ ಕೂಡಲೆ ಬೆಟ್ಟದ ಆ ಬದಿಯ ಬಯಲೆಲ್ಲ ಬೆಳ್ಳಗಾದರೂ ಈ ಬದಿಯ ಇಳಿಜಾರಿನ ಮೇಲೆ ಬೆಟ್ಟದ ನೆರಳೇ ಕವಿದಿರುತ್ತದೆ, ಚಂದ್ರ ನೆತ್ತಿಯ ಕಡೆ ಏರುವವರೆಗೂ. ಹಾಗಿದ್ದರೆ ಮೇಲಿನ ಕಾವಲುಗಾರನಿಗೆ ದೂರದ ಡೇರೆಗಳು ಕಾಣುತ್ತವೆ, ಕಾಲಬುಡದಲ್ಲಿ ತೆವಳಿ ಬರುವವರು ಕಾಣುವುದಿಲ್ಲ. ಮುತ್ತಿಗೆಯವರಿಗೆ ದಾರಿಗೆ ಬೇಕಾದಷ್ಟು ಬೆಳಕು, ಅಡಗಲು ಬೇಕಾದಷ್ಟು ಕತ್ತಲು. ನಾಯಕ ನಾಯಕಿಯರು ದಿಡ್ಡಿ ಬಾಗಿಲಿನಿಂದ ಇಳಿದು ಬರುವ ಇಡೀ ಪ್ರಸಂಗ ಈ ನೆರಳಿನೊಳಗೇ ನಡೆಯುತ್ತದೆ. ಹನ್ನೆರಡನೇ ಅಧ್ಯಾಯ ಹುಟ್ಟಿದ್ದು ಆ ಚೀಟಿಯ ಬೆನ್ನ ಮೇಲೆ.

ಮಧ್ಯರಾತ್ರಿ ದಾಟಿದ ಮೇಲೆ ಡಾಕ್ಟರು ಹೊರಗೆ ಬಂದು ಹೇಳಿದ್ದನ್ನು ಮೇಷ್ಟ್ರೂ ಕೇಳಿಸಿಕೊಂಡರು. ಚೀಟಿಯನ್ನು ಮಡಿಸಿ ಜೇಬಿಗಿಟ್ಟರು. ನಾನು ಅಳಲಿಲ್ಲ, ಸಿಟ್ಟು ಬಂತು. ಚಂದ್ರ ಹುಟ್ಟುವ ಹೊತ್ತನ್ನು ಇನ್ನೂರು ವರ್ಷದ ಹಿಂದಕ್ಕೆ ಗುಣಿಸಬಹುದು, ಇವನಿಗೆ ಇನ್ನೆಷ್ಟು ಹೊತ್ತು ಅಂತ ಒಬ್ಬರೂ ಹೇಳಲಾರರಲ್ಲ ಅಂತ. ಅದನ್ನು ಬಾಯಿಬಿಟ್ಟು ಅವರ ಮೇಲೇ ಕೂಗಿದೆ ಕೂಡ. ಅವರು ಎದ್ದು ಹೋಗಲಿಲ್ಲ. ಬೆಳಗಿನ ಹಾಲಿನವರು ಬರುವ ತನಕ ಅದೇ ಬೆಂಚಿನಲ್ಲಿ ಇದ್ದರು. ಆಮೇಲೆ ಕಾಗದ ಪತ್ರ, ಗಾಡಿ, ಊರಿಗೆ ಫೋನು, ಎಲ್ಲ ಅವರದೇ ಓಡಾಟ.

ಹದಿನೈದು ದಿನದ ಕಾರ್ಯ ಮುಗಿದ ಮೇಲೆ ಮನೆಗೆ ಬಂದು ಹನ್ನೆರಡನೇ ಅಧ್ಯಾಯ ಕೇಳಿದರು. ಆಮೇಲಿನ ಕೆಲಸದಲ್ಲಿ ಅವರು ಹಿಡಿದ ಹಟಗಳೇ ಈ ಪುಸ್ತಕದ ಬೆನ್ನೆಲುಬು.

ಮೊದಲನೇ ಹಟ, ಕೆಂಡದ ಕಣ್ಣುಗಳದು. ನಮ್ಮ ಕಡೆ ರಾತ್ರಿ ಹೊಲದಲ್ಲಿ, ಬೆಟ್ಟದಲ್ಲಿ ತೇಲಾಡುವ ಬೆಂಕಿ ಕಂಡರೆ ಕೊಳ್ಳಿದೆವ್ವ ಅಂತಾರೆ. ಮೇಷ್ಟ್ರು ಕೇಳಿದ್ದು: ಕಾವಲಿನವನ ಕೈಲಿದ್ದದ್ದು ಯಾವ ಬಂದೂಕು? ಬತ್ತಿ ಬಂದೂಕಾದರೆ ಅವನ ಬತ್ತಿ ಸದಾ ಹೊತ್ತಿಕೊಂಡೇ ಇರಬೇಕು, ಯಾಕೆಂದರೆ ಶತ್ರು ಬಂದಾಗ ಚಕಮಕಿ ಕುಟ್ಟುತ್ತ ಕೂರಲು ಆಗುವುದಿಲ್ಲ. ಹತ್ತಿ ಹಗ್ಗವನ್ನು ಪೆಟ್ಲುಪ್ಪಿನ (ಸಿಡಿಮದ್ದಿಗೆ ಹಾಕುವ ಉಪ್ಪು) ನೀರಿನಲ್ಲಿ ಕುದಿಸಿ ಒಣಗಿಸಿದ ಬತ್ತಿ ಗಂಟೆಗೆ ನಾಲ್ಕೈದು ಇಂಚು ಕನಲುತ್ತದೆ. ರಾತ್ರಿಪೂರ್ತಿ ಕಾವಲಿಗೆ ನಾಲ್ಕೈದು ಅಡಿ. ಉಪ್ಪು ಸಾಲದಿದ್ದರೆ ನಂದಿಹೋಗುತ್ತದೆ, ಮಂಜಿಗೆ ಒದ್ದೆಯಾದರೂ ನಂದುತ್ತದೆ, ಮತ್ತು ನಂದಿಯಲ್ಲಿ ಅಕ್ಟೋಬರಿನ ಮಂಜು ಯಾರನ್ನೂ ಬಿಡುವುದಿಲ್ಲ. ಹಾಗಾಗಿ ಕಾವಲಿನವನು ಆಗಾಗ ಬತ್ತಿಯನ್ನು ಊದಿ, ಬೂದಿ ಕೊಡವಿ, ಬೀಸಿ ಕೆಂಪಗೆ ಇಟ್ಟುಕೊಳ್ಳಬೇಕು. ಊದಿದಾಗ ದೊಡ್ಡದಾಗುವ, ಬೀಸಿದಾಗ ಗೀರು ಎಳೆಯುವ, ಗೋಡೆಯ ಮರೆಯಾದಾಗ ಮಾಯವಾಗುವ ಕಿಡಿ. ಕೆಳಗಿನ ಹಳ್ಳಿಯವರಿಗೆ ಅದು ಕೊಳ್ಳಿದೆವ್ವ. ಓದುಗರಿಗೆ ಇದನ್ನು ಮೂರನೇ ಅಧ್ಯಾಯದಲ್ಲಿ ಸುಮ್ಮನೆ ತೋರಿಸಿ, ಒಂಬತ್ತರಲ್ಲಿ ಗುಟ್ಟು ಒಡೆಯುತ್ತೇವೆ.

ಎರಡನೆಯದು, ದೆವ್ವ ಒಂದೇ ಇರಲಿ ಅನ್ನುವುದು. ತಮ್ಮನ ಕರಡಿನಲ್ಲಿ ಮುನೇಶ್ವರ, ನಿಧಿ ಕಾಯುವ ಸರ್ಪ, ಅಂಜನ ಹಾಕುವವನು, ಮೋಹಿನಿ, ಎಲ್ಲರೂ ಸಂತೆಗೆ ಬಂದ ಹಾಗೆ ಬಂದಿದ್ದರು. ಎಲ್ಲವೂ ಪವಾಡವಾದರೆ ಓದುಗ ಹುಡುಕುವುದನ್ನು ಬಿಟ್ಟುಬಿಡುತ್ತಾನೆ, ಆಮೇಲೆ ಕೊಲೆ ಮಾಡಿದವನು ಯಾರಾದರೇನು? ಆದ್ದರಿಂದ ಪ್ರತಿ ವಿಚಿತ್ರಕ್ಕೂ ಲೋಕದ ಕಾರಣ ಒಂದನ್ನು ಕಡಿಮೆಯೆಂದರೆ ಎರಡು ಅಧ್ಯಾಯ ಮೊದಲೇ ಕಣ್ಣಿಗೆ ಬೀಳುವಂತೆ ಇಡಬೇಕು, ಒಂದಕ್ಕೆ ಮಾತ್ರ ಕಾರಣ ಕೊಡಬಾರದು. ಆ ಒಂದು ಯಾವುದು ಅಂತ ಇಲ್ಲಿ ಹೇಳುವುದಿಲ್ಲ. ಮೇಷ್ಟ್ರು ಮಾತ್ರ ಅದಕ್ಕೂ ಕಾರಣ ಹುಡುಕುತ್ತ ಇನ್ನೂ ಪೀಡಿಸುತ್ತಿದ್ದಾರೆ.

ಪ್ರೀತಿಯ ವಿಷಯದಲ್ಲಿ ಅವರಿಗೆ ಅಷ್ಟು ಆಸಕ್ತಿ ಇರಲಿಲ್ಲ, ಆದರೆ ಕಡತವನ್ನು ಕತೆಗೆ ತಂದವರು ಅವರೇ. ಶಾನುಭೋಗರ ಮನೆಯ ಹುಡುಗಿ ಓಲೆಗರಿಯ ಮೇಲೆ ಕಂಠದಿಂದ, ಅಂದರೆ ಕಬ್ಬಿಣದ ಲೇಖನಿಯಿಂದ, ಕೊರೆದರೆ ಅದು ಹೋಗುವುದಿಲ್ಲ, ಸಿಕ್ಕಿಬೀಳುತ್ತಾಳೆ. ಕಡತವಾದರೆ ಬಟ್ಟೆಗೆ ಹುಣಿಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಬಳಪದಿಂದ ಬರೆಯಬಹುದು, ಒರೆಸಬಹುದು, ಮತ್ತೆ ಮಸಿ ಬಳಿದು ಹೊಸದು ಮಾಡಬಹುದು. ಕಂದಾಯದ ಲೆಕ್ಕದ ನಡುವಿನ ಮಡಿಕೆಯಲ್ಲಿ ಎರಡು ಸಾಲು ಬರೆದರೆ, ಓದುವವನು ಓದಿ ಅಂಗೈಯಲ್ಲಿ ಒರೆಸಿದರೆ ಮುಗಿಯಿತು. ಪತ್ತೇದಾರಿಗೂ ಇದೇ ದಾರಿ: ಸೊಂಟದಲ್ಲಿ ಸಿಕ್ಕಿಸಿಕೊಂಡ ಕಡತದಲ್ಲಿ ಬೆವರಿಗೆ ಅಕ್ಷರ ಕಲಸುತ್ತದೆ, ಮಸಿ ಬಟ್ಟೆಗೆ ಹತ್ತುತ್ತದೆ. ಒಂದೇ ಮಡಿಕೆ ಮಾತ್ರ ಹೊಸ ಮಸಿಯಿಂದ ಮಿರಿಮಿರಿ ಹೊಳೆಯುತ್ತಿದ್ದರೆ, ಅಲ್ಲಿಂದ ಏನನ್ನೋ ಅಳಿಸಿದ್ದಾರೆ ಅಂತ ಬುದ್ಧಿವಂತನಿಗೆ ಗೊತ್ತಾಗುತ್ತದೆ. ಇಡೀ ಕಾದಂಬರಿಯ ತಿರುವು ಅಂಥ ಒಂದು ಮಡಿಕೆಯ ಮೇಲೆ ನಿಂತಿದೆ.

ಮದ್ದಿನ ಪಾಕ, ನೂರು ಪಾಲಿಗೆ ಪೆಟ್ಲುಪ್ಪು 75, ಇದ್ದಿಲು 15, ಗಂಧಕ 10, ಪುಸ್ತಕದಲ್ಲಿದೆ. ಮೈಸೂರಿನವರ ರಾಕೆಟ್ಟಿನ ಕೊಳವೆ ಕಬ್ಬಿಣದ್ದು, ಕಾಗದದ್ದಲ್ಲ ಅನ್ನುವುದೂ ಇದೆ. ಗಾಡಿ ದಿನಕ್ಕೆ ನಾಲ್ಕೈದು ಹರದಾರಿಗಿಂತ (ಒಂದು ಹರದಾರಿ ಅಂದರೆ ಮೂರು ಮೈಲಿಯ ಆಸುಪಾಸು) ಹೆಚ್ಚು ಹೋಗುವುದಿಲ್ಲ ಅಂತ ಮೇಷ್ಟ್ರು ಗೆರೆ ಎಳೆದದ್ದರಿಂದ ಕೋಲಾರಮ್ಮನ ಗುಡಿಯ ಪ್ರಸಂಗ ಎರಡು ದಿನ ಹಿಂದಕ್ಕೆ ಹೋಯಿತು. ಬೆಂಕಿಕಡ್ಡಿ ಇಲ್ಲ, ಸೀಮೆಎಣ್ಣೆ ಬುಡ್ಡಿ ಇಲ್ಲ, ದೀಪಕ್ಕೆ ಹರಳೆಣ್ಣೆ, ಹೊಂಗೆ ಎಣ್ಣೆ. ನಾಯಕ ಅಡಗಿಕೊಳ್ಳುವುದಕ್ಕೆ ಲಂಟಾನ ಪೊದೆಯೂ ಇಲ್ಲ, ಅದು ನಮ್ಮ ಬೆಟ್ಟಗಳನ್ನು ಮುಚ್ಚಿಕೊಂಡದ್ದು ಆಮೇಲೆ. ಅವನು ತಂಗಡಿ ಗಿಡದ ಹಿಂದೆ ಕೂರುತ್ತಾನೆ. ಮತ್ತು, ಕೋಲಾರದವರು ಕ್ಷಮಿಸಬೇಕು, ಸಾರಿನಲ್ಲಿ ಟೊಮ್ಯಾಟೊ ಇಲ್ಲ.

ಊರಿನ ಹೆಸರುಗಳದು ಇನ್ನೊಂದು ತೊಡಕು. ಟಿಪ್ಪು ದೇವನಹಳ್ಳಿಯನ್ನು ಯೂಸುಫಾಬಾದ್ ಅಂತ ಬದಲಿಸಿದ್ದ. ಸರ್ಕಾರಿ ಫರ್ಮಾನಿನಲ್ಲಿ ಹೊಸ ಹೆಸರು, ಹಳ್ಳಿಯವರ ಬಾಯಲ್ಲಿ ಹಳೆಯದು ಅಂತ ಇಟ್ಟಿದ್ದೇವೆ. ಓದುವಾಗ ಒಂದೇ ಊರಿಗೆ ಎರಡು ಹೆಸರು ಯಾಕೆ ಅಂತ ಗೊಂದಲ ಬೇಡ.

ಬಾಗೇಪಲ್ಲಿಯ ಅಜ್ಜಿಗೆ, ತೆಲುಗು ಕನ್ನಡ ಕಲಸಿ ಆಡುವ ಮಾತನ್ನು ತಿದ್ದಿ ಕೊಟ್ಟದ್ದಕ್ಕೆ, ಶರಣು. ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಕೋಲಾರ ಸಂಪುಟವನ್ನೂ (1905) ತುಮಕೂರು ಸಂಪುಟವನ್ನೂ (1904), 1800ರಲ್ಲಿ ಈ ಸೀಮೆ ಸುತ್ತಿದ ಬುಕನನ್ನನ ಪ್ರವಾಸದ ಪುಸ್ತಕವನ್ನೂ ಹುಡುಕಿ ಕೊಟ್ಟ ಗ್ರಂಥಾಲಯದವರಿಗೆ ನಮಸ್ಕಾರ. ಯೂನಿಕೋಡಿನಿಂದ 'ನುಡಿ' ಫಾಂಟಿಗೆ ಬದಲಿಸುವಾಗ ದಿಕ್ಕು ತಪ್ಪಿದ ಅರ್ಕಾವೊತ್ತುಗಳನ್ನು ಒಂದೊಂದಾಗಿ ಕೂರಿಸಿದ ಡಿಟಿಪಿ ಹುಡುಗನಿಗೆ ಈ ಸಲ ಊಟ ನನ್ನದು.

ಮೇಷ್ಟ್ರೇ, ಥ್ಯಾಂಕ್ಸ್ ಅಂದರೆ ನೀವು ಬೈತೀರಿ, ಆದ್ದರಿಂದ ಇಲ್ಲಿ ಎಲ್ಲರೆದುರು ಬರೆದಿದ್ದೇನೆ. ಅವನಿಗೆ ನೀವು ಲೆಕ್ಕ ಬಾಕಿ ಉಳಿಸಲಿಲ್ಲ. ಆ ರಾತ್ರಿ ನಾನು ಕೂಗಿದ್ದನ್ನು ನೀವು ಒಮ್ಮೆಯೂ ಎತ್ತಿ ಆಡಿಲ್ಲ.

ಹಣ ಕಟ್ಟಿದವರ ಪ್ರತಿಗಳು ಅಂಚೆಗೆ ಹೋಗುತ್ತಿವೆ. ಚಿಕ್ಕಬಳ್ಳಾಪುರ, ಕೋಲಾರ, ಮಧುಗಿರಿಯವರು ಕೈಯಾರೆ ಪಡೆಯುವುದಾದರೆ ಮೊದಲೇ ತಿಳಿಸಿ, ಅಂಚೆ ಖರ್ಚು ಉಳಿಯುತ್ತದೆ. ಓದುವಾಗ ತಪ್ಪು ಕಂಡರೆ ಪುಟ ಮತ್ತು ಸಾಲಿನ ಸಂಖ್ಯೆ ಹಾಕಿ ಕಳಿಸಿ. ಮುಂದಿನ ಮುದ್ರಣಕ್ಕೆ ಮೇಷ್ಟ್ರು ಈಗಾಗಲೇ ಒಂದು ಪಟ್ಟಿ ಶುರು ಮಾಡಿದ್ದಾರೆ, ಅದರಲ್ಲಿ ಇಲ್ಲದ್ದನ್ನು ಹುಡುಕಿ ಕೊಟ್ಟವರಿಗೆ ಒಂದು ಪ್ರತಿ ಉಚಿತ.