ವೋಲ್ಟೇಜ್ ಕುಸಿದರೆ ಇಂಜಿನ್ ವೇಗ ಏರಿಸುವ ರೂಢಿ ನಿಲ್ಲಲಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಕಲಬುರಗಿಯ ತೊಗರಿಬೇಳೆ ಮಿಲ್ಲುಗಳು, ನರ್ಸಿಂಗ್ ಹೋಮ್‌ಗಳು, ಕಲ್ಯಾಣ ಮಂಟಪಗಳು ಡೀಸೆಲ್ ಜನರೇಟರುಗಳನ್ನು ನೆಚ್ಚಿಕೊಳ್ಳುವುದು ಹೆಚ್ಚಾಗುತ್ತದೆ. ಇವುಗಳ ರಿಪೇರಿಯಲ್ಲಿ ಬೇರೂರಿರುವ ಒಂದು ತಪ್ಪು ರೂಢಿಯನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಬಯಸುತ್ತೇನೆ. ವೋಲ್ಟೇಜ್ ಕುಸಿಯಿತೆಂದು ಇಂಜಿನ್ನಿನ ವೇಗವನ್ನು ಏರಿಸಿ ಸರಿದೂಗಿಸುವುದೇ ಆ ರೂಢಿ.

ವೇಗವನ್ನು ಕಾಯುವುದು ಗವರ್ನರ್, ವೋಲ್ಟೇಜನ್ನು ಕಾಯುವುದು ಎವಿಆರ್, ಅಂದರೆ ಸ್ವಯಂಚಾಲಿತ ವೋಲ್ಟೇಜ್ ರೆಗ್ಯುಲೇಟರ್. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲಾಗದು. ನಾಲ್ಕು ಪೋಲ್‌ಗಳ ಆಲ್ಟರ್ನೇಟರ್ (ಇಂಜಿನ್ ತಿರುಗಿಸುವ, ವಿದ್ಯುತ್ ಹುಟ್ಟಿಸುವ ಯಂತ್ರ) ನಿಮಿಷಕ್ಕೆ 1500 ಸುತ್ತು ತಿರುಗಿದಾಗ ಮಾತ್ರ 50 ಹರ್ಟ್ಸ್ ಆವರ್ತನ ದೊರೆಯುತ್ತದೆ. ಲೋಡ್ ಹೆಚ್ಚಿ ವೋಲ್ಟೇಜ್ 415ಕ್ಕಿಂತ ಕೆಳಗಿಳಿದಾಗ ಹೆಚ್ಚಬೇಕಾದದ್ದು ಫೀಲ್ಡ್ ಕರೆಂಟು, ಅಂದರೆ ಆಲ್ಟರ್ನೇಟರಿನ ಕಾಂತಕ್ಷೇತ್ರ ಹುಟ್ಟಿಸುವ ಕರೆಂಟು. ಅದು ಹೆಚ್ಚದಿದ್ದರೆ ದೋಷವನ್ನು ಎವಿಆರ್‌ನಲ್ಲಿ, ಆ ಕರೆಂಟು ಒದಗಿಸುವ ಎಕ್ಸೈಟರ್‌ನಲ್ಲಿ, ರೋಟರಿನ ಜೊತೆಗೇ ತಿರುಗುವ ಡಯೋಡುಗಳಲ್ಲಿ ಹುಡುಕಬೇಕೇ ಹೊರತು ಗವರ್ನರ್‌ನ ತಿರುಪಿಗೆ ಕೈಹಾಕಬಾರದು. ಲೋಡ್ ಇಲ್ಲದಾಗ 52 ಹರ್ಟ್ಸ್ ತೋರಿಸಿ ಪೂರ್ಣ ಲೋಡಿನಲ್ಲಿ 50ಕ್ಕೆ ಇಳಿಯುವುದು ಮೆಕ್ಯಾನಿಕಲ್ ಗವರ್ನರ್‌ನ ಸಹಜ ಗುಣ. ಆದರೆ ಲೋಡ್ ಇರುವಾಗಲೂ 52 ಹರ್ಟ್ಸ್ ನಿಲ್ಲುವಂತೆ ತಿರುಪು ಬಿಗಿದರೆ ನೀರೆತ್ತುವ ಪಂಪು, ಬ್ಲೋವರುಗಳ ವೇಗ ಶೇ 4ರಷ್ಟು ಹೆಚ್ಚಿ, ಅವು ಎಳೆಯುವ ಶಕ್ತಿ ಸುಮಾರು ಶೇ 12ರಷ್ಟು ಏರುತ್ತದೆ. ಡೀಸೆಲ್ ವ್ಯರ್ಥವಾಗುವುದಲ್ಲದೆ ಮೋಟಾರುಗಳೂ ಬಿಸಿಯಾಗುತ್ತವೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತಪ್ಪಿದೆ. ದೊಡ್ಡ ಮೋಟಾರು ಚಾಲೂ ಆದ ಗಳಿಗೆಯಲ್ಲಿ ಇಂಜಿನ್ನಿನ ವೇಗ ತಗ್ಗಿದಾಗ, ಅನಲಾಗ್ ಎವಿಆರ್‌ನ ಒಂದು ಸರ್ಕ್ಯೂಟು ಆವರ್ತನ ಇಳಿದದ್ದನ್ನು ಗುರುತಿಸಿ ವೋಲ್ಟೇಜನ್ನೂ ಬೇಕೆಂದೇ ಇಳಿಸುತ್ತದೆ. ಇದರಿಂದ ಇಂಜಿನ್ನಿನ ಹೊರೆ ಹಗುರಾಗಿ ಅದು ಬೇಗ ಚೇತರಿಸಿಕೊಳ್ಳುತ್ತದೆ. ಕಬ್ಬಿಣದ ಕೋರ್ ಅತಿಯಾಗಿ ಕಾಂತೀಕರಣಗೊಳ್ಳುವುದೂ ತಪ್ಪುತ್ತದೆ. 45 ಹರ್ಟ್ಸ್‌ನಲ್ಲಿಯೂ ಪೂರ್ತಿ 415 ವೋಲ್ಟ್ ಹಿಡಿದಿಟ್ಟರೆ ಕೋರ್‌ನಲ್ಲಿ ಕಾಂತ ಪ್ರವಾಹ ಶೇ 11ರಷ್ಟು ಹೆಚ್ಚಬೇಕಾಗುತ್ತದೆ. ಈ ರಕ್ಷಣೆಯನ್ನೇ ದೋಷವೆಂದು ಭಾವಿಸಿ, ಅದರ ಪಾಟ್ (ಹೊಂದಿಸುವ ತಿರುಪು) ತಿರುಗಿಸಿ ನಿಷ್ಕ್ರಿಯಗೊಳಿಸಿದ್ದನ್ನು ನಾನು ಕಂಡಿದ್ದೇನೆ. ವೋಲ್ಟೇಜ್ ಮಿತಿಗಿಂತ ಇಳಿದರೆ ಸಂಪರ್ಕ ಕಡಿಯುವ ಅಂಡರ್ ವೋಲ್ಟೇಜ್ ರಿಲೇ ಪದೇ ಪದೇ ಟ್ರಿಪ್ ಆಗುತ್ತದೆಂದು ಅದರ ವೈರನ್ನೇ ಕಳಚಿಟ್ಟಿದ್ದನ್ನೂ ನೋಡಿದ್ದೇನೆ. ನರ್ಸಿಂಗ್ ಹೋಮ್ ಒಂದರಲ್ಲಿ ಹೀಗೆ ಮಾಡುವುದು ಅಕ್ಷಮ್ಯ.

ಇದಕ್ಕಾಗಿ ಮೆಕ್ಯಾನಿಕ್‌ಗಳನ್ನು ಹಳಿಯುವುದು ನ್ಯಾಯವಲ್ಲ, ಏಕೆಂದರೆ ಅವರ ಕೈಗೆ ಸಿಗುವುದು ರಾಳದಲ್ಲಿ ಮುಳುಗಿಸಿದ ಬೋರ್ಡು, ಒಳಗಿನದು ಕಾಣುವುದಿಲ್ಲ. ಹಳೆಯ ಕಂಪಿಸುವ ರಿಲೇ ರೆಗ್ಯುಲೇಟರಿನಲ್ಲಿ ನಿಯಂತ್ರಣವೆಂದರೇನೆಂಬುದು ಕಣ್ಣೆದುರೇ ನಡೆಯುತ್ತಿತ್ತು. ವೋಲ್ಟೇಜ್ ಏರಿದರೆ ಸುರುಳಿಯ ಸೆಳೆತಕ್ಕೆ ಕಾಂಟ್ಯಾಕ್ಟ್ ಬಿಟ್ಟುಕೊಂಡು ಫೀಲ್ಡಿಗೆ ರೆಸಿಸ್ಟೆನ್ಸ್ ಸೇರುತ್ತಿತ್ತು, ಇಳಿದರೆ ಸ್ಪ್ರಿಂಗ್ ಎಳೆದು ಕಾಂಟ್ಯಾಕ್ಟ್ ಕೂಡಿ ಆ ರೆಸಿಸ್ಟೆನ್ಸ್ ಬದಿಗೆ ಸರಿಯುತ್ತಿತ್ತು. ಸೆಕೆಂಡಿಗೆ ಹಲವು ಬಾರಿ ಹೀಗೆ ನಡೆದು ಸರಾಸರಿ ಫೀಲ್ಡ್ ಕರೆಂಟು ಬೇಕಾದಷ್ಟಕ್ಕೆ ನಿಲ್ಲುತ್ತಿತ್ತು. ಇಂದಿನ ಬೋರ್ಡಿನಲ್ಲಿ ಹೋಲಿಕೆಗೆ ಸ್ಥಿರ ವೋಲ್ಟೇಜ್ ನೀಡುವ ಝೀನರ್ ಡಯೋಡು ಆ ಸ್ಪ್ರಿಂಗಿನ ಸ್ಥಾನದಲ್ಲಿ, ಎಲೆಕ್ಟ್ರಾನಿಕ್ ಸ್ವಿಚ್ಚಾದ ಥೈರಿಸ್ಟರು ಕಾಂಟ್ಯಾಕ್ಟಿನ ಸ್ಥಾನದಲ್ಲಿ ನಿಂತಿವೆ. ಮೊದಲನೆಯದನ್ನು ಕಂಡವನಿಗೆ ಎರಡನೆಯದು ತಾನಾಗಿ ತಿಳಿಯುತ್ತದೆ.

ಆದ್ದರಿಂದ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳು ಇಂತಹ ಹಳೆಯ ರೆಗ್ಯುಲೇಟರುಗಳನ್ನು ಗುಜರಿಗೆ ಹಾಕದೆ ಪ್ರಯೋಗಾಲಯದಲ್ಲಿ ಉಳಿಸಿಕೊಂಡು, ವಿದ್ಯಾರ್ಥಿಗಳಿಂದಲೇ ಲೋಡ್ ಹಾಕಿಸಿ, ತೆಗೆಸಿ ಅಭ್ಯಾಸ ಮಾಡಿಸಬೇಕು. ಆಸ್ಪತ್ರೆಗಳ ಜನರೇಟರುಗಳನ್ನು ವಿದ್ಯುತ್ ಪರಿವೀಕ್ಷಣಾ ಇಲಾಖೆಯು ಖಾಲಿ ಓಡಿಸಿ ನೋಡುವುದಕ್ಕೆ ತೃಪ್ತವಾಗದೆ, ನಿಜವಾದ ಲೋಡಿನಲ್ಲಿ ವೋಲ್ಟೇಜ್ ಮತ್ತು ಆವರ್ತನ ಎರಡನ್ನೂ ಅಳೆದು ರಿಲೇಗಳನ್ನು ಟ್ರಿಪ್ ಮಾಡಿಸಿ ಪರೀಕ್ಷಿಸಬೇಕು. ಮಾಲೀಕರು ಇಂದೇ ಮಾಡಬಹುದಾದ ಕೆಲಸವೆಂದರೆ, ಪ್ಯಾನೆಲ್‌ನಲ್ಲಿ ವೋಲ್ಟ್ ಮೀಟರಿನ ಪಕ್ಕದಲ್ಲಿ ಒಂದು ಫ್ರೀಕ್ವೆನ್ಸಿ ಮೀಟರ್ ಇದೆಯೇ, ಇದ್ದರೆ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು.

– ನಿವೃತ್ತ ಎಲೆಕ್ಟ್ರಿಕಲ್ ಬೋಧಕ, ಕಲಬುರಗಿ