ಲಂಡನ್ ಬರೋ ಕೌನ್ಸಿಲ್ ಫಲಿತಾಂಶ: ಮೇ 2022

ಎಲ್ಲರಿಗೂ ನಮಸ್ಕಾರ. ಗುರುವಾರ, ಮೇ 5ರಂದು ನಡೆದ ಚುನಾವಣೆಯಲ್ಲಿ ಯಾವ ಬರೋ (ಲಂಡನ್ನಿನ ಸ್ಥಳೀಯ ಆಡಳಿತ ವಿಭಾಗ) ಯಾವ ಪಕ್ಷಕ್ಕೆ ಹೋಯಿತು ಅಂತ ತುಂಬಾ ಜನ ಕೇಳುತ್ತಿದ್ದೀರಿ.

ದೊಡ್ಡ ಸುದ್ದಿ ವಾಂಡ್ಸ್‌ವರ್ತ್‌ನದು. ಕೌನ್ಸಿಲ್ ಟ್ಯಾಕ್ಸ್ (ಮನೆಗೆ ಕಟ್ಟುವ ಸ್ಥಳೀಯ ತೆರಿಗೆ) ಕಡಿಮೆ ಅಂತಲೇ ಹೆಸರಾದ ಬರೋ ಅದು. 1978ರಿಂದ ಕನ್ಸರ್ವೇಟಿವ್ ಪಕ್ಷದ ಕೈಯಲ್ಲಿತ್ತು. ಈ ಚುನಾವಣೆಯಲ್ಲಿ 58ರಲ್ಲಿ 35 ಸೀಟು ಲೇಬರ್ ಪಕ್ಷಕ್ಕೆ. ವೆಸ್ಟ್‌ಮಿನ್‌ಸ್ಟರ್ ಇನ್ನೂ ಅಚ್ಚರಿ. ಆ ಕೌನ್ಸಿಲ್ ಹುಟ್ಟಿದಾಗಿನಿಂದ ಲೇಬರ್ ಒಮ್ಮೆಯೂ ಗೆದ್ದಿರಲಿಲ್ಲ, ಈ ಸಲ 54ರಲ್ಲಿ 31. ಬಾರ್ನೆಟ್ ಕೂಡ ಲೇಬರ್‌ಗೆ. ಹ್ಯಾರೋದಲ್ಲಿ ಗಾಳಿ ಉಲ್ಟಾ ಬೀಸಿತು, ಲೇಬರ್ ಸೋತು ಕನ್ಸರ್ವೇಟಿವ್ ಗೆದ್ದಿದೆ.

ಇನ್ನೊಂದು ಮಾತು. ಇಂಡಿಯನ್ ಪಾಸ್‌ಪೋರ್ಟ್ ಇದ್ದವರಿಗೆ ವೋಟಿಲ್ಲ ಅಂದುಕೊಂಡು ನಮ್ಮಲ್ಲಿ ಕೆಲವರು ಸುಮ್ನೆ ಮನೆಯಲ್ಲೇ ಉಳಿದಿರಿ. ಕೇಳಿ ನನಗೆ ಬೇಜಾರಾಯಿತು. ಭಾರತ ಕಾಮನ್‌ವೆಲ್ತ್ (ಬಹುತೇಕ ಹಿಂದಿನ ಬ್ರಿಟಿಷ್ ಆಳ್ವಿಕೆಯ ದೇಶಗಳ ಕೂಟ) ದೇಶ, ಅದಕ್ಕೇ ಈ ಹಕ್ಕು. ವೀಸಾದ ಮೇಲೆ ಇಲ್ಲಿ ನೆಲೆಸಿರುವ, 18 ತುಂಬಿದ ನಮಗೂ ಮತದ ಹಕ್ಕಿದೆ. ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಕಸ, ಪಾರ್ಕಿಂಗ್, ಲೈಬ್ರರಿ ಎಲ್ಲ ನೋಡಿಕೊಳ್ಳುವುದು ಈ ಕೌನ್ಸಿಲ್‌ಗಳೇ ಅಲ್ವಾ?

ಹೆಸರು ಸೇರಿಸದವರು ಈ ವಾರವೇ ಸರ್ಕಾರದ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ. ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ತೊಡಕಾದರೆ ನನಗೆ ಮೆಸೇಜ್ ಮಾಡಿ, ಜೊತೆಗೆ ಕೂತು ತುಂಬೋಣ.