ಕೈ ನಡುಗದ ದಿನ

ಚಿ. ಮಗಳಿಗೆ,

ಯಾದಗಿರಿಯಿಂದ ನಿನ್ನ ಕಾಕಾನ ಆಶೀರ್ವಾದಗಳು.

ಮನೆ ಸುದ್ದಿಯೆಲ್ಲ ನಿಮ್ಮವ್ವ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬಿಡು. ನಿಮ್ಮ ಲ್ಯಾಬಿನಲ್ಲಿ ಕ್ರಿಮಿಯನ್ ಕಾಂಗೋ ಜ್ವರ ಬರಿಸಿ ನೋಡುವ ಇಲಿಗಳ ಬಗ್ಗೆ ಹೇಳಿ, ಪತ್ರದ ಕೊನೆಗೆ ಒಂದು ಮಾತು ಬರೆದಿದ್ದೀಯಲ್ಲ, "ಇವತ್ತು ಏಳು ಇಲಿ ಮುಗಿಸಿದೆ ಕಾಕಾ, ಕೈ ನಡುಗಲೇ ಇಲ್ಲ, ಭಯ ಆಯ್ತು" ಅಂತ. ರಾತ್ರಿ ಅದನ್ನೇ ನಾಲ್ಕು ಸಲ ಓದಿದೆ.

ಈ ಕ್ರಿಮಿಯನ್ ಕಾಂಗೋ ಜ್ವರದ ಹೆಸರು ನಾನು ಕೇಳಿದ್ದು 2011ರಲ್ಲಿ, ಗುಜರಾತಿನಲ್ಲಿ ಅದು ಕಾಣಿಸಿದಾಗ. ಉಣ್ಣಿಯಿಂದ ಬರುತ್ತದಂತೆ. ದನದ ಮೈಯಲ್ಲಿ ಸೇರಿದರೂ ದನ ಸುಮ್ನೆ ಮೇಯುತ್ತಿರುತ್ತದೆ, ಬೀಳುವವನು ಮನುಷ್ಯ. ಪೇಪರ್ ಕೆಳಗಿಟ್ಟು ನನ್ನ ಬೆರಳು ನೋಡಿಕೊಂಡೆ. ದನದ ಡಾಕ್ಟರಾಗಿ ಮೂವತ್ತು ವರ್ಷ ಬರಿಗೈಲಿ ಉಣ್ಣಿ ಕಿತ್ತ ಬೆರಳು.

ಬೆಳೆದ ಇಲಿಗೂ ಅದು ಏನೂ ಮಾಡುವುದಿಲ್ಲ, ಈಗಷ್ಟೇ ಹುಟ್ಟಿದ ಮರಿಗಳು ಮಾತ್ರ ಸಾಯುತ್ತವೆ ಅಂತ ನೀನೇ ಹೇಳಿದ್ದೆ. ಅದಕ್ಕೇ ಇಂಟರ್‌ಫೆರಾನ್, ಅಂದರೆ ವೈರಸ್ ತಡೆಯಲು ಮೈ ತಾನೇ ಮಾಡಿಕೊಳ್ಳುವ ಕಾವಲು, ಕೆಲಸ ಮಾಡದ ಇಲಿ ಸಾಕುತ್ತೀರಿ. ಮೊದಲು ಕಾವಲುಗಾರನನ್ನು ಕಳಿಸಿ, ಆಮೇಲೆ ಕಳ್ಳನನ್ನು ಒಳಗೆ ಬಿಟ್ಟ ಹಾಗೆ. ಕೆಲವೇ ದಿನಗಳಲ್ಲಿ ಲಿವರ್ ಹೋಗುತ್ತದೆ. ಕೇಳಿದಾಗ ನನಗೂ ಹೊಟ್ಟೆ ಕಿವುಚಿತ್ತು, ಸುಳ್ಳು ಯಾಕೆ ಹೇಳಲಿ. ಫಾವಿಪಿರಾವಿರ್ ಮದ್ದು ಉಳಿಸಿದ್ದೂ ಅಂಥ ಇಲಿಗಳನ್ನೇ, ಅಲ್ವಾ? ಇಲಿ ಉಳಿದರೆ ಮನುಷ್ಯ ಉಳಿಯುತ್ತಾನೆ ಅಂತೇನಿಲ್ಲ, ಅದು ಬೇರೆ ಮಾತು.

ಕೈ ನಡುಗಲಿಲ್ಲ ಅಂದೆ. ನನ್ನ ಕೈ ನಡುಗಿದ್ದನ್ನು ಯಾರಿಗೂ ಹೇಳಿಲ್ಲ. ಸರ್ವಿಸಿಗೆ ಸೇರಿದ ಹೊಸತು, ಶಹಾಪುರದ ಕಡೆ ಒಂದು ಹಳ್ಳಿ. ಬಾವಿಗೆ ಬಿದ್ದ ಎತ್ತಿನ ಬೆನ್ನು ಮುರಿದಿತ್ತು. "ನಿಮಗ ತಿಳಿದಂಗ ಮಾಡ್ರಿ ಸಾಹೇಬ್ರ" ಅಂದ ರೈತ. ಮುಗಿಸುವ ಇಂಜೆಕ್ಷನ್ ಬ್ಯಾಗಿನಲ್ಲೇ ಇತ್ತು. ಸಿರಿಂಜಿಗೆ ತುಂಬಿದೆ, ಕೈ ನಡುಗಿತು. ನೋವಿಗೆ ಒಂದು ಚುಚ್ಚಿ, ನಾಳೆ ನೋಡೋಣ ಅಂತ ಬಂದುಬಿಟ್ಟೆ. ಎತ್ತು ಮೂರು ದಿನ ನರಳಿತು. ಊರವರು ನನ್ನನ್ನು ಮೆತ್ತನೆ ಮನಸ್ಸಿನ ಡಾಕ್ಟರು ಅಂದರು. ಆ ಹೊಗಳಿಕೆ ಇವತ್ತಿಗೂ ಚುಚ್ಚುತ್ತದೆ.

ಹಾಗಂತ ನಡುಗದಿದ್ದರೇ ಒಳ್ಳೆಯದು ಅನ್ನಲಾರೆ. ಆಮೇಲಾಮೇಲೆ ನನ್ನ ಕೈ ನಡುಗುವುದು ನಿಂತೇ ಹೋಯಿತು. ಯಾವಾಗ ನಿಂತಿತು ಅಂತ ನನಗೇ ಗೊತ್ತಾಗಲಿಲ್ಲ. ನಿನಗೆ ಅದೇ ದಿನ ಗೊತ್ತಾಗಿದೆ.

ಬುದ್ಧಿ ಹೇಳೋಣ ಅಂದರೆ ನಿಮ್ಮ ಲ್ಯಾಬಿನ ಬಾಗಿಲನ್ನೂ ನಾನು ಕಂಡಿಲ್ಲ. ತೂಕ ಎಷ್ಟು ಇಳಿಯಿತು, ರೋಮ ನಿಮಿರಿದೆಯಾ, ಬೆನ್ನು ಗೂನಾಗಿದೆಯಾ ಅಂತ ದಿನಾ ಬರೆಯುತ್ತೀರಲ್ಲ, ಇನ್ನು ನರಳಿಸಬಾರದು ಅನ್ನುವ ಗೆರೆ ದಾಟಿದ ಇಲಿಯನ್ನು ಸಂಜೆಗೆ ನೋಡಿದರಾಯಿತು ಅಂತ ಮಾತ್ರ ಬಿಡಬೇಡ. ಏಳನ್ನೂ ಒಬ್ಬಳೇ ಮಾಡಬೇಕಾ? ಇಬ್ಬರು ಹಂಚಿಕೊಳ್ಳಲು ಬರುತ್ತದಾ ಕೇಳಿ ನೋಡು. ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡ, ತಿಳಿಯದೆ ಹೇಳಿದೆ.

ಮುಂದೆ ಮಂಗಗಳ ಕೆಲಸವೂ ಬರಬಹುದು ಅಂದಿದ್ದೀಯ. 2018ರಲ್ಲಿ ಹೊರದೇಶದವರು ಒಂದು ಜಾತಿಯ ಮಂಗಗಳಲ್ಲಿ ಕಾವಲು ತೆಗೆಯದೆಯೇ ಈ ಜ್ವರ ಬರಿಸಿದರಂತಲ್ಲ. ಮಂಗ ಮುಖ ನೋಡುತ್ತದೆ ಮಗಳೇ. ಆ ದಿನ ಕೈ ನಡುಗಿದರೂ ಬರಿ, ನಡುಗದಿದ್ದರೂ ಬರಿ.

ಎತ್ತಿನ ಸುದ್ದಿ ನಿಮ್ಮಪ್ಪನಿಗೆ ಹೇಳಬೇಡ.

ಇಂತಿ,
ನಿನ್ನ ಕಾಕಾ